ಕಲ್ಲಿದ್ದಲ ಕಣಿವೆಯಿಂದ ಕೂಡಲಿಯ ಕಡವಿಗೆ

ವೇಲ್ಸ್ ದೇಶದ ಕಾರ್ಮಾರ್ದನ್ ಸೀಮೆಯ ಉತ್ತರದ ಗುಡ್ಡಗಳಲ್ಲಿ, ಲಾನ್‌ಸಾವೆಲ್ ಎಂಬ ಹಳ್ಳಿಯಿಂದ ಕುದುರೆ ಸಂತೆಗೆ ಹೆಸರಾದ ಲಾನಬದರಿಗೆ ಹೋಗುವ ಕಿರುದಾರಿಯ ಮಗ್ಗುಲಲ್ಲಿ, ರೀಡ್‌ಕಮೆರೈ ಎಂಬುದೊಂದು ಪುಟ್ಟ ಊರಿದೆ. ಅಲ್ಲಿಯ ಭಾಷೆಯಲ್ಲಿ ‘ರೀಡ್’ ಎಂದರೆ ಹೊಳೆಯನ್ನು ಕಾಲ್ನಡೆಯಲ್ಲಿ ದಾಟುವ ಕಡವು. ‘ಕಮೆರೈ’ ಎಂದರೆ ತೊರೆಗಳು ಬಂದು ಕೂಡುವ ಎಡೆಗಳು. ತುಂಗೆಯೂ ಭದ್ರೆಯೂ ಸೇರುವ ತಾಣವನ್ನು ಕೂಡಲಿ ಎಂದು ಕರೆದ ನಮ್ಮವರಿಗೆ ಆ ಹೆಸರನ್ನು ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಆ ಊರನ್ನು ಕಾಣಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿದ್ದು ಒಂದು ಪುಸ್ತಕದಿಂದ. ಡಿ. ಜೆ. ವಿಲಿಯಮ್ಸ್ ಎಂಬ ವೆಲ್ಷ್ ಲೇಖಕರು 1953ರಲ್ಲಿ ‘ಹೆನ್ ಡೀ ಫಾರ್ಮ್’, ಅಂದರೆ ‘ಹಳೆಯ ಹೊಲಮನೆ’, ಎಂಬ ಗ್ರಂಥವನ್ನು ಪ್ರಕಟಿಸಿದರು. ವಾಲ್ಡೋ ವಿಲಿಯಮ್ಸ್ ಎಂಬ ಕವಿ ಅದನ್ನು 1961ರಲ್ಲಿ ಇಂಗ್ಲಿಷಿಗೆ ತಂದರು. ಲೇಖಕರು ಹುಟ್ಟಿದ್ದು 1885ರಲ್ಲಿ, ಆ ಸೀಮೆಯ ಪೆನ್‌ರಿಯು ಎಂಬ ಒಕ್ಕಲುಮನೆಯಲ್ಲಿ. ಆರು ವರ್ಷ ತುಂಬುವ ಹೊತ್ತಿಗೆ ಸಂಸಾರ ಅಬೆರ್‌ನಂಟ್ ಎಂಬ ಬೇರೊಂದು ಹೊಲಕ್ಕೆ ಸರಿದುಹೋಯಿತು. ಆ ಆರು ವರ್ಷಗಳ ಅವಧಿಯಲ್ಲಿ ಒಬ್ಬ ಬಾಲಕನ ಕಣ್ಣಿಗೂ ಕಿವಿಗೂ ಬಿದ್ದುದರಿಂದಲೇ ಒಂದು ಮನೆತನದ ಹಲವು ತಲೆಮಾರುಗಳನ್ನು, ಅವರ ಕುದುರೆಗಳನ್ನೂ ಒಲೆಯನ್ನೂ ಜಗಳಗಳನ್ನೂ ಬಿಡದೆ, ಎಪ್ಪತ್ತರ ಹತ್ತಿರ ಬಂದ ಮುದುಕನೊಬ್ಬ ಮರಳಿ ಕಟ್ಟಿ ನಿಲ್ಲಿಸಿದ್ದ ರೀತಿಯನ್ನು ಕಂಡು ನಾನು ವಿಸ್ಮಿತನಾದೆ.

ಆದರೆ ಆ ಗ್ರಂಥವನ್ನು ಮುಚ್ಚಿಟ್ಟ ಮೇಲೆ ನನ್ನನ್ನು ಬಹುಕಾಲ ಕಾಡಿದ್ದು ಅದರ ಆಚೆಗಿನ ಸಂಗತಿ. ಆ ಹುಡುಗ ಹೊಲದಲ್ಲಿ ನಿಲ್ಲಲಿಲ್ಲ. ಹದಿನಾರು ಹದಿನೇಳರ ಪ್ರಾಯದಲ್ಲಿ, 1902ರಲ್ಲಿ, ಮನೆ ಬಿಟ್ಟು ರೋಂದ ಕಣಿವೆಯ ಕಲ್ಲಿದ್ದಲ ಗಣಿಗೆ ಇಳಿದ. ನಾಲ್ಕು ವರ್ಷಗಳಷ್ಟು ಕಾಲ ಭೂಗರ್ಭದಲ್ಲಿ ದುಡಿದ. ಬಳಿಕ ಓದಿಗೆ ಮರಳಿ, ಆಬರಿಸ್ಟ್‌ವಿತ್ತಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಕಲಿತು, ಫಿಷ್‌ಗಾರ್ಡ್ ಊರಿನಲ್ಲಿ ಉಪಾಧ್ಯಾಯನಾಗಿ ಬಾಳು ಸವೆಸಿದ. ನಮ್ಮಲ್ಲಿ ಗುಂಡಪ್ಪನವರು ಡಿ. ವಿ. ಜಿ. ಆದಂತೆ, ಅವರ ನಾಡಿನವರೆಲ್ಲರ ಬಾಯಲ್ಲಿ ಅವರು ಡಿ. ಜೆ. ಎಂದೇ ಆದರು. ಅವರು ಇಳಿದುಹೋದ ಆ ದಾರಿಯನ್ನು ಕಡೆಯಿಂದ ಮೊದಲಿಗೆ, ಗಣಿಯಿಂದ ಹೊಲಕ್ಕೆ, ಒಮ್ಮೆಯಾದರೂ ನಡೆದು ನೋಡಬೇಕೆಂದು ನಾನು ಸಂಕಲ್ಪಿಸಿದೆ. ಅದು ಕೈಗೂಡಿದ್ದು ಒಂದು ಅಕ್ಟೋಬರ್ ತಿಂಗಳಿನಲ್ಲಿ.

ಕಾರ್ಡಿಫ್ ನಗರವು ವೇಲ್ಸಿನ ರಾಜಧಾನಿಯೆನಿಸಿದ್ದು 1955ರಲ್ಲಿ. ಅದಕ್ಕೆ ಬಹು ಮುಂಚೆಯೇ ಅದು ಕಲ್ಲಿದ್ದಲಿನ ರೇವು. 1913ರ ಒಂದೇ ವರ್ಷದಲ್ಲಿ ಅಲ್ಲಿಂದ ಒಂದು ಕೋಟಿ ಟನ್ನಿಗೂ ಮಿಗಿಲಾದ ಕಲ್ಲಿದ್ದಲು ಹಡಗುಗಳನ್ನೇರಿತು. ಹೊಗೆ ಕಡಿಮೆ, ಉರಿ ಹೆಚ್ಚು ಎಂಬ ಗುಣದಿಂದ ಬ್ರಿಟಿಷ್ ನೌಕಾಪಡೆಯೇ ಅದನ್ನು ಆರಿಸಿಕೊಂಡಿತ್ತು. ಮುಂಬಯಿಗೆ ಬಂದು ಹೋಗುತ್ತಿದ್ದ ಉಗಿಹಡಗುಗಳು ಏಡನ್ನಿನ ದಾಸ್ತಾನಿನಿಂದ ತುಂಬಿಕೊಳ್ಳುತ್ತಿದ್ದ ಕಲ್ಲಿದ್ದಲಿನಲ್ಲಿಯೂ ಈ ಕಣಿವೆಗಳ ಪಾಲಿತ್ತು. ನಮ್ಮ ನಾಡಿನಿಂದ ಬಾರಿಸ್ಟರ್ ಪದವಿಗೆಂದೋ ವೈದ್ಯವಿದ್ಯೆಗೆಂದೋ ಕಡಲು ದಾಟಿದ ಹಿರಿಯರನ್ನು ಹೊತ್ತೊಯ್ದ ಉರಿಯನ್ನು ಕಡಿದು ಮೇಲೆತ್ತಿದವರಲ್ಲಿ ಒಕ್ಕಲು ಮಕ್ಕಳೂ ಇದ್ದರೆಂಬುದು ರೇವಿನ ದಡದಲ್ಲಿ ನಿಂತಾಗ ನನಗೆ ಮೊದಲ ಬಾರಿ ಮನಸ್ಸಿಗೆ ಬಂತು. ಈಗ ಆ ನೀರಿನಲ್ಲಿ ಕಲ್ಲಿದ್ದಲ ಹಡಗುಗಳಿಲ್ಲ, ವಿಹಾರದ ದೋಣಿಗಳಿವೆ.

ಕಾರ್ಡಿಫಿನಿಂದ ರೈಲು ಟಾಫ್ ಹೊಳೆಯ ಜಾಡು ಹಿಡಿದು ಉತ್ತರಕ್ಕೆ ಏರುತ್ತದೆ. ಪಾಂಟಪ್ರೀದ್ ದಾಟಿದ ಮೇಲೆ ಕಣಿವೆ ಕಿರಿದಾಗುತ್ತ ಬಂದು, ಎರಡೂ ಮಗ್ಗುಲ ಗುಡ್ಡಗಳು ಹೊಳೆಗೂ ರೈಲಿಗೂ ರಸ್ತೆಗೂ ಒಂದು ಸಾಲು ಮನೆಗಳಿಗೂ ಮಾತ್ರ ಎಡೆ ಬಿಟ್ಟು ನಿಲ್ಲುತ್ತವೆ. ಇದೇ ರೋಂದ. 1851ರಲ್ಲಿ ಈ ಕಣಿವೆಗಳ ಜನ ಎರಡು ಸಾವಿರಕ್ಕೂ ಕಡಿಮೆ. ಅಂದಿನ ಪ್ರವಾಸಿಗಳು ಇಲ್ಲಿಯ ಕಾಡಿನ ಸೊಬಗನ್ನು ವರ್ಣಿಸಿದ್ದಾರೆ. ಅಳಿಲೊಂದು ನೆಲ ಮುಟ್ಟದೆ ಮರದಿಂದ ಮರಕ್ಕೆ ಹಾರುತ್ತ ಕಣಿವೆಯ ಉದ್ದಕ್ಕೂ ಹೋಗಬಹುದಿತ್ತೆಂಬ ಮಾತು ಇಲ್ಲಿ ಇಂದಿಗೂ ಜನರ ಬಾಯಲ್ಲಿದೆ. 1855ರಲ್ಲಿ ಕಣಿವೆಯ ತಲೆಯಲ್ಲಿ ತೆಗೆದ ಗಣಿಯಿಂದ ಮೊದಲ ಉಗಿಗಲ್ಲಿದ್ದಲು ಕಾರ್ಡಿಫಿಗೆ ಇಳಿಯಿತು. 1911ರ ಜನಗಣತಿಯಲ್ಲಿ ಅದೇ ಕಣಿವೆಗಳ ಜನಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿತ್ತು. ಅರವತ್ತು ವರ್ಷಗಳಲ್ಲಿ ಎಪ್ಪತ್ತು ಪಟ್ಟಿಗೂ ಹೆಚ್ಚಿದ ಆ ಜನಸ್ತೋಮ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅರ್ಧ ಉತ್ತರವನ್ನು ನಾನು ಇಳಿದ ನಿಲ್ದಾಣದ ಹೆಸರೇ ಹೇಳುತ್ತಿತ್ತು.

ಆ ನಿಲ್ದಾಣ ಟ್ರೆಹಾವೊಡ್. ಲೂಯಿಸ್ ಮರ್ತರ್ ಎಂಬ ದೊಡ್ಡ ಗಣಿಯ ಗೋಪುರಗಳು ಅಲ್ಲಿ ಇನ್ನೂ ನಿಂತಿವೆ. ಗಣಿ ಈಗ ವಸ್ತುಸಂಗ್ರಹಾಲಯವಾಗಿದೆ. ಆದರೆ ಆ ಊರಿನ ಹೆಸರಿನೊಳಗೆ ಕುಳಿತಿರುವ ‘ಹಾವೊಡ್’ ಎಂಬುದು ಗಣಿಗಾರರ ಮಾತಲ್ಲ, ದನಗಾಹಿಗಳ ಮಾತು. ಹಿಂದಿನ ವೆಲ್ಷ್ ಒಕ್ಕಲಿಗನಿಗೆ ಎರಡು ಮನೆಗಳಿರುತ್ತಿದ್ದವು: ತಗ್ಗಿನ ಹೊಲದ ನಡುವೆ ಚಳಿಗಾಲದ ‘ಹೆನ್‌ಡ್ರೆ’, ಗುಡ್ಡದ ಮೇಲಿನ ಹುಲ್ಲುಗಾವಲಿನಲ್ಲಿ ಬೇಸಗೆಯ ‘ಹಾವೊಡ್’. ಮೇ ತಿಂಗಳಲ್ಲಿ ದನಕರುಗಳನ್ನು ಹೊಡೆದುಕೊಂಡು ಮನೆಮಂದಿ ಮೇಲೇರುತ್ತಿದ್ದರು. ಅಲ್ಲಿ ಹಾಲು ಕರೆದು, ಬೆಣ್ಣೆ ಗಿಣ್ಣು ಮಾಡಿ, ಶರತ್ಕಾಲದ ಕೊನೆಗೆ ಕೆಳಗಿಳಿಯುತ್ತಿದ್ದರು. ಆ ಪದ್ಧತಿ ಅಳಿದು ಎಷ್ಟೋ ಕಾಲವಾದ ಮೇಲೂ ಹೆಸರು ಮಾತ್ರ ನೆಲಕ್ಕೆ ಅಂಟಿಕೊಂಡು ಉಳಿಯಿತು; ಗಣಿಯ ಹಳ್ಳಿ ಹುಟ್ಟಿದಾಗ ಅದೇ ಹೆಸರು ಅದಕ್ಕೂ ದಾಟಿತು. ಮುಂದೆ ಅದೇ ಕಣಿವೆಗಳಲ್ಲಿ ಅಲೆಯುವಾಗ ನಾನು ಕೇಳಿ ತಿಳಿದ ಊರ ಹೆಸರುಗಳಲ್ಲಿ ಮತ್ತೆ ಮತ್ತೆ ಹೊಲ, ಹಟ್ಟಿ, ಜರೀಗಿಡ, ತೊರೆಗಳೇ ಬಂದವು. ಕಲ್ಲಿದ್ದಲು ಆ ನೆಲದ ಹೊಟ್ಟೆಯನ್ನು ಹೊಕ್ಕರೂ ಅದರ ಹೆಸರನ್ನು ಗೆಲ್ಲಲಾರದೆ ಹೋಗಿತ್ತು.

ಒಕ್ಕಲಿಗನು ಹೊಲವನ್ನು ಬಿಟ್ಟು ಗಣಿಗೆ ಏಕೆ ಹೋದನೆಂಬುದನ್ನು ಅರಿಯಬೇಕಾದರೆ ಕಾರ್ಮಾರ್ದನ್ ಸೀಮೆಯ ಮಣ್ಣನ್ನೂ ಗೇಣಿಯನ್ನೂ ಅರಿಯಬೇಕು. ಸದಾ ಮಳೆಯಲ್ಲಿ ತೊಯ್ದ ಆ ಗುಡ್ಡಗಾಡಿನ ಮಣ್ಣು ಹುಳಿಮಣ್ಣು. ಸುಣ್ಣವನ್ನು ಹಾಕದಿದ್ದರೆ ಅದು ಕಾಳು ಕಟ್ಟುವುದಿಲ್ಲ. ಸುಣ್ಣದ ಗೂಡುಗಳಿದ್ದದ್ದು ದಕ್ಷಿಣದ ಕರಿಬೆಟ್ಟಗಳ ಸಾಲಿನಲ್ಲಿ. ಗೂಡಿನ ಬಾಯಲ್ಲಿ ಮೊದಲ ಸರದಿ ಸಿಗಲೆಂದು ಒಕ್ಕಲಿಗರು ನಡುರಾತ್ರಿಯಲ್ಲೇ ಗಾಡಿ ಹೂಡಿ ಹೊರಡುತ್ತಿದ್ದರು. ದಾರಿಯುದ್ದಕ್ಕೂ ಸುಂಕದ ಕಟ್ಟೆಗಳು. ಸುಣ್ಣಕ್ಕೆ ಕೊಡುವ ಬೆಲೆಗಿಂತ ಸುಂಕವೇ ಹೆಚ್ಚಾಯಿತೆಂದು ಅವರು ಕಣ್ಣೀರಿಟ್ಟರು. ಭೂಮಾಲೀಕನಿಗೆ ಗೇಣಿ, ಇಗರ್ಜಿಗೆ ದಶಾಂಶ, ರಸ್ತೆಗೆ ಸುಂಕ. ಅದೂ ಅವರಲ್ಲಿ ಬಹುಮಂದಿ ಆ ಇಗರ್ಜಿಯನ್ನೇ ತೊರೆದು ತಮ್ಮ ತಮ್ಮ ಚಾಪೆಲ್ಲುಗಳನ್ನು ಕಟ್ಟಿಕೊಂಡಿದ್ದವರು. 1839ರ ಮೇ 13ರಂದು ಎವೈಲ್‌ವೆನ್ ಎಂಬಲ್ಲಿ ಮುಖಕ್ಕೆ ಮಸಿ ಬಳಿದು ಹೆಂಗಸರ ಉಡುಪು ತೊಟ್ಟ ಗಂಡಸರ ಗುಂಪೊಂದು ಸುಂಕದ ಕಟ್ಟೆಯನ್ನು ಒಡೆದು ಹಾಕಿತು. ತಮ್ಮನ್ನು ಅವರು ‘ರೆಬೆಕ್ಕಳ ಮಕ್ಕಳು’ ಎಂದು ಕರೆದುಕೊಂಡರು. ರೆಬೆಕ್ಕಳ ಸಂತತಿ ಹಗೆಗಳ ಬಾಗಿಲುಗಳನ್ನು ವಶಮಾಡಿಕೊಳ್ಳಲೆಂಬ ಹರಕೆ ಬೈಬಲ್ಲಿನಲ್ಲಿದೆ. ಆ ದಂಗೆ 1843ರವರೆಗೆ ಸೀಮೆಯಿಂದ ಸೀಮೆಗೆ ಹಬ್ಬಿತು. ಮರುವರ್ಷ ಸರ್ಕಾರವು ಕಾನೂನು ಮಾಡಿ ಸುಂಕಗಳನ್ನು ಹತೋಟಿಗೆ ತಂದಿತು. ಆದರೆ ಚಿಕ್ಕ ಹಿಡುವಳಿಯು ಚಿಕ್ಕದಾಗಿಯೇ ಉಳಿಯಿತು. ನಾಲ್ವರು ಗಂಡುಮಕ್ಕಳಿದ್ದ ಮನೆಯಲ್ಲಿ ಹೊಲ ಒಬ್ಬನಿಗೆ ಸಾಕಾಗುತ್ತಿತ್ತು, ಉಳಿದ ಮೂವರಿಗೆ ದಾರಿಯೇ ಪಾಲು.

ಕಲ್ಲಿದ್ದಲು ಆ ಒಕ್ಕಲಿಗರಿಗೆ ಹೊಸದಾಗಿರಲಿಲ್ಲ. ಕಲ್ಲಿದ್ದಲಿನ ಪುಡಿಗೆ ಜೇಡಿಮಣ್ಣು ಬೆರೆಸಿ, ಕಾಲಿನಿಂದ ತುಳಿದು ಹದಮಾಡಿ, ಕೈಯಿಂದ ಉಂಡೆ ಕಟ್ಟಿ ಒಲೆಗೆ ಇಡುವ ಪದ್ಧತಿ ಪಶ್ಚಿಮ ವೇಲ್ಸಿನ ಮನೆಮನೆಯಲ್ಲಿ ಇತ್ತು. ‘ಪೆಲೆ’ ಎಂದು ಅದರ ಹೆಸರು. ರಾತ್ರಿ ಆ ಕೆಂಡದ ಮೇಲೆ ಹಸಿ ಮಿಶ್ರಣವನ್ನು ಮೆತ್ತಿ ಒಂದು ತೂತು ಬಿಟ್ಟರೆ ಬೆಳಗಿನವರೆಗೆ ಉರಿ ಉಳಿಯುತ್ತಿತ್ತು. ತಲೆಮಾರುಗಳಿಂದ ಆರದ ಒಲೆಗಳ ಕಥೆಯನ್ನು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಹೀಗೆ ಕಲ್ಲಿದ್ದಲು ಮೊದಲು ಹೊಲದ ಮನೆಗೆ ಬಂತು. ಅನಂತರ ಹೊಲದ ಮನೆಯ ಮಕ್ಕಳು ಕಲ್ಲಿದ್ದಲಿನ ಕಡೆಗೆ ಹೋದರು. ಎಲ್ಲರೂ ಒಮ್ಮೆಗೇ ಬೇರು ಕಿತ್ತುಕೊಂಡು ಹೋದರೆಂದಲ್ಲ. ಕಾರ್ಡಿಗನ್ ಸೀಮೆಯ ಸಣ್ಣ ಒಕ್ಕಲಿಗರು ಚಳಿಗಾಲದಲ್ಲಿ ಗಣಿಗಳಲ್ಲಿ ದುಡಿದು, ಹುಲ್ಲು ಕೊಯ್ಲಿಗೂ ಪೈರಿನ ಕೊಯ್ಲಿಗೂ ಊರಿಗೆ ಮರಳುತ್ತಿದ್ದರು. ಅಮ್ಮನ್ ಕಣಿವೆಯ ಗಟ್ಟಿ ಕಲ್ಲಿದ್ದಲಿನ ಸೀಮೆಯಲ್ಲಿ ಒಂದೇ ಮನುಷ್ಯ ಹಗಲು ಗಣಿಯಲ್ಲಿ ಪಿಕಾಸಿ ಹಿಡಿದು ಸಂಜೆ ತನ್ನ ಎರಡು ಹಸುಗಳನ್ನು ಕರೆಯುವುದು ಇಪ್ಪತ್ತನೆಯ ಶತಮಾನದಲ್ಲಿಯೂ ಸಾಮಾನ್ಯವಾಗಿತ್ತು.

ಡಿ. ಜೆ. ದುಡಿದ ಫರ್ನ್‌ಡೇಲ್ ಇರುವುದು ಚಿಕ್ಕ ರೋಂದ ಎಂಬ ಕವಲು ಕಣಿವೆಯಲ್ಲಿ; ‘ಜರೀಗಿಡಗಳ ಕಣಿವೆ’ ಎಂದು ಫರ್ನ್‌ಡೇಲ್ ಎಂಬ ಹೆಸರಿನ ಅರ್ಥ. ರೈಲು ಅಲ್ಲಿಗಿಲ್ಲ, ಬಸ್ಸಿನಲ್ಲಿ ಹೋಗಬೇಕು. ಗುಡ್ಡದ ಓರೆಯಲ್ಲಿ ಒಂದರ ಬೆನ್ನಿಗೊಂದು ಆತುಕೊಂಡ ಸಾಲುಮನೆಗಳು. ಅವುಗಳ ಮೇಲೆ ಅಕ್ಟೋಬರಿನ ಬಿಸಿಲಿಗೆ ತುಕ್ಕಿನ ಬಣ್ಣ ತಳೆದ ಜರೀಗಿಡಗಳು. 1867ರ ನವೆಂಬರ್ 8ರಂದು ಅಲ್ಲಿಯ ಗಣಿಯಲ್ಲಿ ಅನಿಲ ಸಿಡಿದು 178 ಮಂದಿ ಸತ್ತರು. ಎರಡು ವರ್ಷವೂ ತುಂಬುವ ಮೊದಲೇ, 1869ರ ಜೂನಿನಲ್ಲಿ, ಅದೇ ಗಣಿಯಲ್ಲಿ ಮತ್ತೆ 53 ಮಂದಿ. ಡಿ. ಜೆ. ಬರುವ ಹೊತ್ತಿಗೆ ಆ ದುರಂತಗಳನ್ನು ಕಣ್ಣಾರೆ ಕಂಡವರು ಇನ್ನೂ ಅಲ್ಲಿ ಬದುಕಿದ್ದರು. ಮಡಿದವರ ಮೊಮ್ಮಕ್ಕಳು ಅದೇ ಗಣಿಗೆ ಇಳಿಯುತ್ತಿದ್ದರು. ನಾನು ಇಳಿದುಕೊಂಡದ್ದು ಎಂಬತ್ತು ದಾಟಿದ ಒಬ್ಬ ವಿಧವೆಯ ಮನೆಯಲ್ಲಿ. ಆಕೆಯ ಒಲೆಯ ಮೇಲಿನ ಹಲಗೆಯಲ್ಲಿ ಹೊಳೆಯುವ ಹಿತ್ತಾಳೆಯ ಗಣಿದೀಪವೊಂದಿತ್ತು. ನನ್ನ ಊರನ್ನೂ ಕಸುಬನ್ನೂ ವಿಚಾರಿಸಿದ ಮೇಲೆ ಆಕೆ, “ನಿಮ್ಮ ತಾತ ಹೊಲ ಉಳುತ್ತಿದ್ದರೇ?” ಎಂದು ಕೇಳಿದರು, ಹೌದೆಂದೆ. “ಹಾಗಾದರೆ ನಮ್ಮ ಮನೆಯ ಕಥೆ ನಿಮಗೆ ತಿಳಿಯುತ್ತದೆ” ಎಂದು ತಮ್ಮ ಟಾಡ್‌ಕೀಯ ಕಥೆಯನ್ನು ತೊಡಗಿದರು. ದಕ್ಷಿಣ ವೇಲ್ಸಿನಲ್ಲಿ ತಾತನಿಗೆ ಆ ಹೆಸರು. ‘ಅಕ್ಕರೆಯ ತಂದೆ’ ಎಂದು ಅದರ ಅಕ್ಷರಾರ್ಥ.

ಆ ತಾತ ಕಾರ್ಡಿಗನ್ ಸೀಮೆಯ ಗೇಣಿದಾರನ ಮೂರನೆಯ ಮಗ. ಒಂದು ಚಳಿಗಾಲದ ಮಟ್ಟಿಗೆಂದು ಬಂದವರು ನಲವತ್ತು ವರ್ಷ ನಿಂತರು. ಹಿತ್ತಿಲಿನಲ್ಲಿ ಹಂದಿ ಸಾಕಿದರು. ಗುಡ್ಡದ ಓರೆಯ ಒಂದು ತುಂಡು ನೆಲದಲ್ಲಿ ಲೀಕ್ ಎಂಬ ಈರುಳ್ಳಿಯ ಜಾತಿಯ ಗಿಡವನ್ನೂ ಆಲೂಗಡ್ಡೆಯನ್ನೂ ಬೆಳೆದರು. ಹುಲ್ಲು ಕೊಯ್ಲಿನ ವಾರದಲ್ಲಿ ಮಾತ್ರ ಅವರ ಮುಖ ಬಾಡಿರುತ್ತಿತ್ತಂತೆ. ಗಣಿಯಿಂದ ಬಂದ ಗಂಡಸರಿಗೆ ಒಲೆಯ ಮುಂದಿನ ತಗಡಿನ ತೊಟ್ಟಿಯೇ ಸ್ನಾನಗೃಹ. ಗಣಿಯ ಬಳಿಯಲ್ಲೇ ಸ್ನಾನದ ಮನೆಗಳು ಬಂದದ್ದು ಬಹಳ ತಡವಾಗಿ. ಅದುವರೆಗೆ ಮೂರು ನಾಲ್ಕು ಮಂದಿ ದುಡಿಯುವ ಮನೆಯಲ್ಲಿ ನೀರು ಹೊತ್ತು, ಕಾಯಿಸಿ, ಮಸಿಯ ಬಟ್ಟೆಗಳನ್ನು ಒಗೆದು ಒಣಗಿಸುವುದರಲ್ಲಿ ಹೆಂಗಸರ ಆಯುಸ್ಸು ಸವೆಯಿತು. “ಟಾಡ್‌ಕೀ ಬೆನ್ನು ತೊಳೆಯಲು ಮಾತ್ರ ಬಿಡುತ್ತಿರಲಿಲ್ಲ, ಬೆನ್ನು ತೊಳೆದರೆ ಬಲ ಹೋಗುತ್ತದೆಂದು ಆಗಿನವರ ನಂಬಿಕೆ” ಎಂದು ಆಕೆ ಹೇಳಿದರು. ಆ ಬಲವನ್ನು ಕೊನೆಗೆ ತೆಗೆದುಕೊಂಡು ಹೋದದ್ದು ನೀರಲ್ಲ, ಧೂಳು. ಕಲ್ಲಿದ್ದಲಿನ ಧೂಳಿನಿಂದ ಶ್ವಾಸಕೋಶ ಕಲ್ಲಾಗುವ ವ್ಯಾಧಿಗೆ ಗಣಿಗಾರರಿಗೆ ಪರಿಹಾರ ಕೊಡುವ ಕಾನೂನು ವಿಶಾಲವಾಗಿ ಜಾರಿಗೆ ಬಂದದ್ದು 1943ರಲ್ಲಿ; ತಾತ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಆಕೆ ದೀಪವನ್ನು ಕೈಗೆತ್ತಿಕೊಂಡು ಸೆರಗಿನಂತಿದ್ದ ಮೇಲುಡುಪಿನ ಅಂಚಿನಿಂದ ಮತ್ತೊಮ್ಮೆ ಒರೆಸಿ ಇಟ್ಟರು.

ಈ ಕಣಿವೆಯ ತಲೆಯಲ್ಲಿ ಮೇರ್ಡಿ ಎಂಬ ಊರು. ಅಲ್ಲಿಯ ಗಣಿಗಾರರು 1984ರ ಮಾರ್ಚಿನಿಂದ ಒಂದು ವರ್ಷ ಮುಷ್ಕರ ಹೂಡಿ, ಗೆಲ್ಲಲಾಗದೆ, 1985ರ ಮಾರ್ಚಿನಲ್ಲಿ ಬ್ಯಾಂಡು ಬಾರಿಸುತ್ತ ತಲೆಯೆತ್ತಿ ಗಣಿಗೆ ಮರಳಿದರು. ರೋಂದದ ಕಟ್ಟಕಡೆಯ ಗಣಿ ಅದು. 1990ರ ಡಿಸೆಂಬರಿನಲ್ಲಿ ಮುಚ್ಚಿತು.

ಟಾಫ್ ಕಣಿವೆಗೆ ಹಿಂದಿರುಗಿ ಅಬೆರ್‌ವಾನಿಗೆ ಹೋದೆ. ಅಲ್ಲಿಗೆ ಹೋಗದೆ ಆ ನಾಡಿನ ಕಲ್ಲಿದ್ದಲಿನ ಕಥೆಯನ್ನು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಗಣಿಯಿಂದ ಬಂದ ಕಸವನ್ನು ಊರಿನ ಮೇಲಿನ ಬೆಟ್ಟದಲ್ಲಿ, ನೀರಿನ ಒರತೆಗಳ ಮೇಲೆಯೇ, ವರ್ಷಗಟ್ಟಲೆ ಸುರಿದಿದ್ದರು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಆ ಗುಡ್ಡೆ ಕೆಸರಾಗಿ ಕುಸಿದು ಕೆಳಗಿನ ಶಾಲೆಯ ಮೇಲೆ ಬಿತ್ತು. ಸತ್ತವರು 144 ಮಂದಿ. ಅವರಲ್ಲಿ 116 ಮಕ್ಕಳು. ಊರನ್ನು ಮುಟ್ಟುವ ಮೊದಲು, ಇಳಿಜಾರಿನಲ್ಲಿದ್ದ ಒಂದು ಹೊಲದ ಮನೆಯನ್ನು ಅದು ಒಳಗಿದ್ದವರ ಸಹಿತ ನುಂಗಿತ್ತು. ಗುಡ್ಡದ ಓರೆಯ ಸ್ಮಶಾನದಲ್ಲಿ ಬಿಳಿಯ ಕಮಾನುಗಳ ಸಾಲಿನ ಕೆಳಗೆ ಮಕ್ಕಳ ಹೆಸರುಗಳನ್ನೂ ವಯಸ್ಸುಗಳನ್ನೂ ಓದುತ್ತ ಹೋದೆ. ನಡುವೆಯೇ ನಿಲ್ಲಿಸಿ ಹೊರಗೆ ಬಂದೆ.

ನೆಲದೊಳಕ್ಕೆ ನಾನೂ ಇಳಿದದ್ದು ಪೂರ್ವದ ಬ್ಲೈನಾವನ್ನಿನ ‘ಬಿಗ್ ಪಿಟ್’ ಎಂಬ ಗಣಿಯಲ್ಲಿ. 1980ರಲ್ಲಿ ಮುಚ್ಚಿದ ಆ ಗಣಿಯನ್ನು 1983ರಿಂದ ಸಂದರ್ಶಕರಿಗೆ ತೆರೆದಿದ್ದಾರೆ. ಕರೆದೊಯ್ಯುವವರು ಹಿಂದೆ ಗಣಿಯಲ್ಲಿ ದುಡಿದವರೇ. ಕೈಗಡಿಯಾರ, ಬೆಂಕಿಪೊಟ್ಟಣ, ದೂರವಾಣಿ, ಕಿಡಿ ಹುಟ್ಟಿಸಬಲ್ಲ ಪ್ರತಿಯೊಂದನ್ನೂ ಮೇಲೆಯೇ ಬಿಡಿಸಿಕೊಂಡು, ತಲೆಗೆ ಶಿರಸ್ತ್ರಾಣವನ್ನೂ ದೀಪವನ್ನೂ ಸೊಂಟಕ್ಕೆ ಅದರ ಬ್ಯಾಟರಿಯನ್ನೂ ಕಟ್ಟಿ, ಕಬ್ಬಿಣದ ಪಂಜರದಲ್ಲಿ ನಿಲ್ಲಿಸಿ 300 ಅಡಿ ಕೆಳಕ್ಕೆ ಇಳಿಸಿದರು. ಸುರಂಗದ ನಡುವೆ ಒಂದೆಡೆ ಮಾರ್ಗದರ್ಶಕರು ಎಲ್ಲರ ದೀಪಗಳನ್ನೂ ಆರಿಸಲು ಹೇಳಿದರು. ಅಂತಹ ಕತ್ತಲನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಹಳ್ಳಿಯ ಅಮಾವಾಸ್ಯೆಯ ರಾತ್ರಿಯಲ್ಲಿ ಚುಕ್ಕಿಗಳ ಬೆಳಕಾದರೂ ಇರುತ್ತದೆ, ಇಲ್ಲಿ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂಬುದೇ ತಿಳಿಯದು. ಗಾಳಿ ಬಾಗಿಲುಗಳನ್ನು ತೆರೆದು ಮುಚ್ಚಲು ಆರು ಏಳು ವರ್ಷದ ಮಕ್ಕಳನ್ನು ಇಂತಹ ಕತ್ತಲಲ್ಲಿ ದಿನಕ್ಕೆ ಹನ್ನೆರಡು ಗಂಟೆ ಕೂರಿಸುತ್ತಿದ್ದರು; ಹೆಂಗಸರನ್ನೂ ಹತ್ತು ವರ್ಷ ತುಂಬದ ಗಂಡುಮಕ್ಕಳನ್ನೂ ಗಣಿಗೆ ಇಳಿಸಕೂಡದೆಂಬ ಕಾನೂನು ಬಂದದ್ದು 1842ರಲ್ಲಿ.

ದೀಪ ಹೊತ್ತಿಸಿದ ಮೇಲೆ ನಾವು ಬಂದದ್ದು ಭೂಮಿಯೊಳಗಿನ ಕುದುರೆಲಾಯಕ್ಕೆ. ಸುಣ್ಣ ಬಳಿದ ಗೋಡೆ, ಸಾಲು ಗೋದಲಿಗಳು, ಒಂದೊಂದು ಗೋದಲಿಯ ಮೇಲೂ ಒಂದೊಂದು ಕುದುರೆಯ ಹೆಸರು. ಕಲ್ಲಿದ್ದಲ ಬಂಡಿಗಳನ್ನು ಎಳೆಯುತ್ತಿದ್ದ ಆ ಪ್ರಾಣಿಗಳನ್ನು ವರ್ಷದಲ್ಲಿ ಒಮ್ಮೆ, ಗಣಿಗಾರರ ಬೇಸಗೆಯ ರಜೆಯಲ್ಲಿ, ಮೇಲೆ ತಂದು ಹುಲ್ಲುಗಾವಲಿಗೆ ಬಿಡುತ್ತಿದ್ದರಂತೆ. ಬೆಳಕಿಗೆ ಬಂದ ಕೂಡಲೇ ಅವು ಕಣ್ಣು ಕುಕ್ಕಿ ನಿಂತಲ್ಲೇ ನಡುಗುತ್ತಿದ್ದವು. ಅನಂತರ ಹಸಿರು ಕಂಡು ಕೆನೆಯುತ್ತ ಓಡುತ್ತಿದ್ದವು. ರಜೆ ಮುಗಿದು ಮರಳಿ ಹಿಡಿಯಹೋದಾಗ ಗಂಡಸರಿಗೆ ಸಾಕುಸಾಕಾಗುತ್ತಿತ್ತು. ಹೊಲದ ಹುಡುಗರನ್ನು ಕುದುರೆಗಳ ಬಳಿಗೆ ಹಾಕುವುದು ಗಣಿಗಳಲ್ಲಿ ವಾಡಿಕೆಯೆಂದು ಮಾರ್ಗದರ್ಶಕರು ಹೇಳಿದಾಗ, ಪೆನ್‌ರಿಯುವಿನ ಕುದುರೆಗಳ ಮೇಲೆ ಪುಟಗಟ್ಟಲೆ ಬರೆದ ಆ ಲೇಖಕರು ನನಗೆ ನೆನಪಾದರು. ನಾನು ನೆಲದ ಮೇಲೆ ಕಂಡ ಯಾವ ವಸ್ತುವಿಗಿಂತಲೂ ಆ ಗೋದಲಿಗಳು ಹೊಲಕ್ಕೂ ಗಣಿಗೂ ಇದ್ದ ನಂಟನ್ನು ನಿಚ್ಚಳವಾಗಿ ತೋರಿದವು.

ಸ್ವಾನ್ಸಿಗೆ ಬಂದು ಅಲ್ಲಿಂದ ಒಳನಾಡಿನ ಸಣ್ಣ ರೈಲನ್ನು ಹತ್ತಿದೆ. ಸ್ವಾನ್ಸಿಯ ಮೇಲಿನ ಕಣಿವೆಯಲ್ಲಿ ಪಾಂಟರ್ದಾವೆ, ಆಲ್ಟ್‌ವೆನ್ ಎಂಬ ಊರುಗಳಿವೆ. ರೀಡ್‌ಕಮೆರೈಯ ನೆಂಟಸ್ತಿಕೆಯ ಇನ್ನೊಂದು ಕವಲು ಅಲ್ಲಿಗೆ ಹೋಗಿ ನೆಲೆಸಿತ್ತು. ಗ್ವೆನಾಲ್ಟ್ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಡೇವಿಡ್ ಜೇಮ್ಸ್ ಜೋನ್ಸ್ 1899ರಲ್ಲಿ ಹುಟ್ಟಿದ್ದು ಅಲ್ಲಿ. ತಂದೆ ತಾಯಿಯರ ಬೇರು ಕಾರ್ಮಾರ್ದನ್ ಸೀಮೆಯ ಹೊಲಗಳಲ್ಲಿ. ಬಾಲ್ಯದ ರಜೆಗಳು ರೀಡ್‌ಕಮೆರೈಯ ಬಂಧುಗಳ ಮನೆಯಲ್ಲಿ. ಮಿಕ್ಕ ದಿನಗಳು ಉಕ್ಕು ತಗಡಿನ ಕಾರ್ಖಾನೆಗಳ ಹೊಗೆಯಲ್ಲಿ. ಮೊದಲ ಮಹಾಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದೆ ಅವರು ಸೆರೆಮನೆ ಸೇರಿದರು. 1927ರಲ್ಲಿ ಅವರ ತಂದೆ ಕಾರ್ಖಾನೆಯಲ್ಲಿ ಕಾದ ಲೋಹದ ದ್ರವ ಮೈಮೇಲೆ ಬಿದ್ದು ಸತ್ತರು. ಒಂದೇ ಊರಿನ ಬೇರಿನ ಮಕ್ಕಳಲ್ಲಿ ಒಬ್ಬರು ಗಣಿಗೆ ಇಳಿದರು, ಒಬ್ಬರು ಕುಲುಮೆಯ ಹೊಗೆಯಲ್ಲಿ ಬೆಳೆದರು. ಅವರಿಬ್ಬರೂ ಹಿಂದಿರುಗಿ ನೋಡಿ ಬರೆದದ್ದು ಮಾತ್ರ ಆ ಊರನ್ನೇ.

ರೈಲು ಅಮ್ಮನ್‌ಫರ್ಡನ್ನು ದಾಟಿ ಹಸಿರಿಗೆ ತಿರುಗಿತು. ಲಾನ್‌ಡೈಲೋ ನಿಲ್ದಾಣದಲ್ಲಿ ನನ್ನನ್ನು ಎದುರುಗೊಂಡವರು ಒಬ್ಬ ನಿವೃತ್ತ ಉಪಾಧ್ಯಾಯರು. ಮಿತ್ರರೊಬ್ಬರ ಪರಿಚಯದಿಂದ ದೊರೆತವರು. ತಮ್ಮ ಕಾರಿನಲ್ಲಿ ಕೂರಿಸಿಕೊಂಡು, ಎರಡೂ ಕಡೆ ಎತ್ತರದ ಬೇಲಿಗಳಿದ್ದ ಹಾದಿಯಲ್ಲಿ ಲಾನ್‌ಸಾವೆಲ್ ಹಾದು ಮೇಲಕ್ಕೆ ಕರೆದೊಯ್ದರು. ದಾರಿಯಲ್ಲಿ ಎದುರಾದವರೊಡನೆ ಅವರು ಆಡಿದ್ದೆಲ್ಲ ವೆಲ್ಷ್. ರೋಂದದಲ್ಲಿ ನನ್ನ ಕಿವಿಗೆ ಅದು ಬಿದ್ದಿರಲಿಲ್ಲವೆಂದೇ ಹೇಳಬೇಕು. 1911ರಲ್ಲಿ ವೇಲ್ಸಿನ ಜನರಲ್ಲಿ ನೂರಕ್ಕೆ ನಲವತ್ತಮೂರಕ್ಕೂ ಹೆಚ್ಚು ಮಂದಿ ಆ ಭಾಷೆ ಬಲ್ಲವರಾಗಿದ್ದರು. 2021ರಲ್ಲಿ ಹದಿನೆಂಟಕ್ಕೂ ಕಡಿಮೆ. ಗಣಿಗಳೇ ವೆಲ್ಷ್ ಭಾಷೆಯನ್ನು ಕೊಂದವೆಂದು ಹೇಳುವವರಿದ್ದಾರೆ. ಗಣಿಗಳಿಲ್ಲದಿದ್ದರೆ ಆ ಒಕ್ಕಲು ಮಕ್ಕಳು ಐರ್ಲೆಂಡಿನವರಂತೆ ಅಮೆರಿಕಕ್ಕೆ ಹೋಗಿಬಿಡುತ್ತಿದ್ದರು, ಗಣಿಗಳು ಅವರನ್ನು ತಾಯ್ನಾಡಿನಲ್ಲೇ ಹಿಡಿದಿಟ್ಟು ಭಾಷೆಗೆ ಒಂದು ತಲೆಮಾರಿನ ಆಯುಸ್ಸನ್ನು ಕೊಟ್ಟವೆಂದು ಬ್ರಿನ್ಲಿ ಥಾಮಸ್ ಎಂಬ ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ. ಚಾಪೆಲ್ಲುಗಳನ್ನೂ ಗಾಯನಮಂಡಲಿಗಳನ್ನೂ ಕಾವ್ಯಸ್ಪರ್ಧೆಗಳನ್ನೂ ಹೊತ್ತುಕೊಂಡೇ ಅವರು ಕಣಿವೆಗೆ ಇಳಿದರೆಂಬುದನ್ನು ನೆನೆದರೆ ಎರಡನೆಯ ಮಾತೇ ನನಗೆ ಸತ್ಯಕ್ಕೆ ಹತ್ತಿರವೆನಿಸುತ್ತದೆ. ಆದರೆ ಕೊಟ್ಟದ್ದು ಒಂದು ತಲೆಮಾರು, ಹೆಚ್ಚೆಂದರೆ ಎರಡು.

ರೀಡ್‌ಕಮೆರೈಯನ್ನು ಮುಟ್ಟುವ ಮುನ್ನ ನಾವು ಕಂಡದ್ದು ಕಾಡು. ಒಂದೇ ಎತ್ತರದ, ಒಂದೇ ಬಣ್ಣದ, ಗೆರೆ ಎಳೆದು ನೆಟ್ಟಂತಹ ಸೂಜಿಯೆಲೆಯ ಮರಗಳು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿದ್ದವು. ಉಪಾಧ್ಯಾಯರು ಕಾರು ನಿಲ್ಲಿಸಿ ಒಳಗೆ ಸ್ವಲ್ಪ ದೂರ ಕರೆದೊಯ್ದರು. ಕಾಲಡಿಯಲ್ಲಿ ಸೂಜಿಯೆಲೆಗಳ ಮೆತ್ತನೆಯ ಹಾಸು. ಹುಲ್ಲಿಲ್ಲ, ಹಕ್ಕಿಯ ದನಿಯಿಲ್ಲ. ಮರಗಳ ಸಾಲಿಗೆ ಅಡ್ಡಲಾಗಿ ಪಾಚಿ ಹಿಡಿದ ಕಲ್ಲಿನ ದಿಣ್ಣೆಯೊಂದು ಹಾದುಹೋಗಿತ್ತು. “ಇದು ಹೊಲದ ಬೇಲಿ” ಎಂದು ಅವರು ಕೈಯಿಟ್ಟು ತೋರಿಸಿದರು.

ಆ ಮರಗಳ ಕಥೆಯನ್ನು ಕೇಳಿ ನಾನು ಬಹಳ ಹೊತ್ತು ಮಾತಾಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಮರದ ಕೊರತೆ ಬಹುವಾಗಿ ತಟ್ಟಿತು. ಗಣಿಯ ಸುರಂಗಗಳ ಮಾಡನ್ನು ಹೊತ್ತು ನಿಲ್ಲುವ ಆಸರೆಗಂಬಗಳು ಅದುವರೆಗೆ ಬಹುಪಾಲು ಹೊರದೇಶಗಳಿಂದ ಬರುತ್ತಿದ್ದವು. ಕಂಬವಿಲ್ಲದೆ ಕಲ್ಲಿದ್ದಲಿಲ್ಲ, ಕಲ್ಲಿದ್ದಲಿಲ್ಲದೆ ಯುದ್ಧನೌಕೆಯಿಲ್ಲ. ಆದುದರಿಂದ 1919ರಲ್ಲಿ ಸರ್ಕಾರ ಅರಣ್ಯ ಆಯೋಗವೊಂದನ್ನು ಸ್ಥಾಪಿಸಿ, ಅಗ್ಗದ ಗುಡ್ಡಗಾಡಿನ ಹೊಲಗಳನ್ನು ಕೊಂಡು, ಬೇಗ ಬೆಳೆಯುವ ಮರಗಳನ್ನು ನೆಡಿಸುತ್ತ ಬಂತು. ರೀಡ್‌ಕಮೆರೈಯ ಸುತ್ತಲಿನ ಒಕ್ಕಲುಮನೆಗಳು ಹೀಗೆ ಒಂದೊಂದಾಗಿ ಮರದಡಿಗೆ ಹೋದವು. ಗ್ವೆನಾಲ್ಟರ ಹಿರಿಯರ ಹೊಲವೂ ಅವುಗಳಲ್ಲಿ ಒಂದು. 1951ರಲ್ಲಿ ಪ್ರಕಟವಾದ ತಮ್ಮ ‘ಎಪ್ಲೆಸ್’ ಸಂಕಲನದಲ್ಲಿ, ಊರಿನ ಹೆಸರನ್ನೇ ಇಟ್ಟ ಕವನವೊಂದರಲ್ಲಿ, ಅವರು ಆ ಮರಗಳ ಮೇಲಿನ ತಮ್ಮ ಕಡುದುಃಖವನ್ನು ತೋಡಿಕೊಂಡಿದ್ದಾರೆ. ಹೊಲ ತನ್ನ ಗಂಡುಮಕ್ಕಳನ್ನು ಮೊದಲು ಗಣಿಗೆ ಕಳುಹಿಸಿತು. ಮಕ್ಕಳು ಸಾಲದೆಂಬಂತೆ, ಗಣಿಯ ಹಸಿವು ಬೆಟ್ಟವನ್ನೇರಿ ಬಂದು ಹೊಲವನ್ನೇ ಕೇಳಿತು. ಆ ಮರಗಳು ಬಲಿತು ಕಡಿಯಲು ಸಿದ್ಧವಾಗುವ ಹೊತ್ತಿಗೆ ಗಣಿಗಳಲ್ಲಿ ಉಕ್ಕಿನ ಕಂಬಗಳು ಬಂದಿದ್ದವು. ಇನ್ನೂ ಕೆಲವು ಕಾಲಕ್ಕೆ ಗಣಿಗಳೇ ಇರಲಿಲ್ಲ. ಹೀಗೆ ನೆಟ್ಟ ಉದ್ದೇಶವೂ ಉಳಿಯದೆ, ಕಿತ್ತ ಮನೆಯೂ ಮರಳದೆ ಹೋದುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಯುದ್ಧದ ನೆಪದಲ್ಲಿ ಮಾಡಿದ್ದೆಂಬುದರಿಂದ ಅದು ಹಗುರವಾಗುವುದಿಲ್ಲ.

ಡಿ. ಜೆ. ಹೊಲಗಳಿಗೆ ಆಗುವ ಇಂತಹ ಅನ್ಯಾಯವನ್ನು ಸುಮ್ಮನೆ ನೋಡಿದವರಲ್ಲ. 1925ರಲ್ಲಿ ವೇಲ್ಸಿನ ರಾಷ್ಟ್ರೀಯ ಪಕ್ಷವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಬಾಂಬು ಹಾಕುವ ವಿದ್ಯೆಯನ್ನು ಕಲಿಸುವ ಸೇನಾಶಾಲೆಗಾಗಿ ವಾಯವ್ಯದ ಲೀನ್ ಪರ್ಯಾಯದ್ವೀಪದಲ್ಲಿ ಪೆನಬೆರ್ತ್ ಎಂಬ ಪುರಾತನ ಹೊಲಮನೆಯನ್ನು ಸರ್ಕಾರ ಕೆಡವಿದಾಗ, 1936ರ ಸೆಪ್ಟೆಂಬರ್ 8ರ ಬೆಳಗಿನ ಜಾವ, ಅವರೂ ಸಾಂಡರ್ಸ್ ಲೂಯಿಸ್ ಮತ್ತು ಲೂಯಿಸ್ ವ್ಯಾಲೆಂಟೈನ್ ಎಂಬ ಇನ್ನಿಬ್ಬರೂ ಅಲ್ಲಿಯ ಕಟ್ಟಡ ಸಾಮಗ್ರಿಗೆ ಬೆಂಕಿಯಿಟ್ಟು, ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ತಾವೇ ತಪ್ಪೊಪ್ಪಿಕೊಂಡರು. ಉಪ್ಪಿನ ಸತ್ಯಾಗ್ರಹದಲ್ಲಿ ತಾವಾಗಿ ಕೈಯೊಡ್ಡಿ ನಿಂತ ನಮ್ಮವರನ್ನು ಬಲ್ಲ ಕನ್ನಡಿಗರಿಗೆ ಆ ನಡೆಯ ಗಾಂಭೀರ್ಯ ಅರ್ಥವಾಗದಿರದು. ಒಂಬತ್ತು ತಿಂಗಳ ಸೆರೆವಾಸ ವಿಧಿಸಲ್ಪಟ್ಟಾಗ ಡಿ. ಜೆ. ಅವರಿಗೆ ಐವತ್ತೊಂದು ವರ್ಷ. ಹೊಲಮನೆಯೊಂದರ ಬೆಲೆ ಏನೆಂಬುದನ್ನು ಅವರು ‘ಹಳೆಯ ಹೊಲಮನೆ’ಯನ್ನು ಬರೆಯುವ ಮುಂಚೆಯೇ ಹೀಗೆ ಹೇಳಿಯಾಗಿತ್ತು. ಮುಪ್ಪಿನಲ್ಲಿ ಪೆನ್‌ರಿಯುವನ್ನು ಮಾರಿ, ಬಂದ ಹಣವನ್ನು ಅವರು ತಮ್ಮ ಪಕ್ಷಕ್ಕೇ ಕೊಟ್ಟರು.

ಮನುಷ್ಯನನ್ನು ರೂಪಿಸುವುದು ಅವನು ಹುಟ್ಟಿ ಬೆಳೆದ ಒಂದು ಚದರ ಮೈಲಿಯ ನೆಲ ಎಂಬ ಭಾವ ವೆಲ್ಷ್ ಜನರಲ್ಲಿ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. ಆ ಚದರ ಮೈಲಿಯ ನಡುವೆ ನಿಂತು ನಾನು ಸುತ್ತ ನೋಡಿದೆ. ನಾಲ್ಕಾರು ಮನೆಗಳು, ತಗ್ಗಿನಲ್ಲಿ ಗುಣುಗುಟ್ಟುವ ತೊರೆ, ಇನ್ನೂ ಮರ ಮುಚ್ಚದ ಕೆಲವು ಹೊಲಗಳಲ್ಲಿ ಕುರಿಗಳು, ದಿಗಂತದಲ್ಲಿ ಕಪ್ಪು ಹಸಿರಿನ ಕಾಡಿನ ಅಂಚು. ಚಾಪೆಲ್ಲಿನ ಬಾಗಿಲು ಮುಚ್ಚಿತ್ತು. ಉಪಾಧ್ಯಾಯರು ಟೋಪಿ ತೆಗೆದು ಕೈಯಲ್ಲಿ ಹಿಡಿದು, ನನ್ನನ್ನು ಸಮಾಧಿಗಳ ಕಡೆಗೆ ಕರೆದೊಯ್ದರು; ಹುಲ್ಲು ನೆನೆದಿತ್ತು, ಸಣ್ಣ ಮಳೆ ಹನಿಯತೊಡಗಿತ್ತು.

1970ರ ಜನವರಿ 4ರಂದು ಎಂಬತ್ತನಾಲ್ಕು ವರ್ಷದ ಡಿ. ಜೆ. ಈ ಹಳೆಯ ಚಾಪೆಲ್ಲಿಗೆ ಗಾಯನಸಭೆಯ ಅಧ್ಯಕ್ಷರಾಗಿ ಬಂದರು. ತಮ್ಮ ಊರವರ ಮುಂದೆ ಮಾತನಾಡಿ, ಅಲ್ಲಿಯೇ ಪ್ರಾಣ ಬಿಟ್ಟರು. ಅವರನ್ನು ಮಣ್ಣು ಮಾಡಿದ್ದು ಇದೇ ಸ್ಮಶಾನದಲ್ಲಿ.